ಹಳೆಯ ಸಂಬಳಕ್ಕೆ ಕಟ್ಟಿಹಾಕಿದ ಹೊಸ ಕೆಲಸ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಬದಲಿಸಲು ಹೊರಟವರಿಗೆ ಎಚ್‌ಆರ್‌ನಿಂದ ಬರುವ ಫೋನಿನಲ್ಲಿ ಮೂರು ಪ್ರಶ್ನೆಗಳು ಖಾಯಂ: ಈಗಿನ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವಾರ್ಷಿಕ ವೆಚ್ಚ) ಎಷ್ಟು, ಎಷ್ಟು ನಿರೀಕ್ಷಿಸುತ್ತೀರಿ, ನೋಟಿಸ್ ಪೀರಿಯಡ್ ಎಷ್ಟು ದಿನ? ಮೊದಲನೆಯದಕ್ಕೆ ಉತ್ತರ ಕೊಟ್ಟಾಗಲೇ ಸಂಬಳದ ಮಾತುಕತೆ ಮುಕ್ಕಾಲು ಪಾಲು ಮುಗಿದಿರುತ್ತದೆ. ಉಳಿಯುವುದು ಆ ಮೊತ್ತದ ಮೇಲೆ ಶೇ 20 ಹೈಕೋ ಶೇ 30 ಹೈಕೋ ಎಂಬ ಜಗ್ಗಾಟ ಮಾತ್ರ. ಇದನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಒಪ್ಪಬಾರದು ಎನ್ನುವುದು ನನ್ನ ವಾದ.

ಒಂದು ಲೆಕ್ಕ ನೋಡಿ. ಸಣ್ಣ ಊರಿನ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ವರ್ಷಕ್ಕೆ 3.5 ಲಕ್ಷಕ್ಕೆ ಸೇರುತ್ತಾಳೆ. ಬೆಂಗಳೂರಿನ ಹೆಸರಾಂತ ಕಾಲೇಜಿನ ಹುಡುಗ 8 ಲಕ್ಷಕ್ಕೆ ಸೇರುತ್ತಾನೆ. ಇಬ್ಬರೂ ಎರಡೆರಡು ಸಲ ಕೆಲಸ ಬದಲಿಸಿ, ಪ್ರತಿಸಲವೂ ಶೇ 30 ಹೆಚ್ಚಳ ಪಡೆದರೆ ಅವಳ ಸಂಬಳ 5.9 ಲಕ್ಷ, ಅವನದು 13.5 ಲಕ್ಷ. ಆರಂಭದಲ್ಲಿ ನಾಲ್ಕೂವರೆ ಲಕ್ಷವಿದ್ದ ಅಂತರ ಏಳೂವರೆ ಲಕ್ಷ ದಾಟಿತು. ಅಷ್ಟು ಹೊತ್ತಿಗೆ ಇಬ್ಬರೂ ಒಂದೇ ತಂಡದಲ್ಲಿ ಒಂದೇ ಬಗೆಯ ಕೋಡ್ ಬರೆಯುತ್ತಿರಬಹುದು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕ್ಯಾಂಪಸ್ಸಿಗೆ ಯಾವ ಕಂಪನಿ ಬಂದಿತ್ತು ಎಂಬುದು ಮೂವತ್ತನೆಯ ವಯಸ್ಸಿನ ಸಂಬಳವನ್ನು ನಿರ್ಧರಿಸುವುದು ಯಾವ ನ್ಯಾಯ?

ಹೆರಿಗೆ, ಮಕ್ಕಳೆಂದು ಮೂರು ವರ್ಷ ಮನೆಯಲ್ಲಿದ್ದು ಮರಳುವ ಹೆಣ್ಣುಮಕ್ಕಳಿಗೆ ಇದೇ ಅಳತೆಗೋಲು ಇನ್ನೂ ಕ್ರೂರ. ಅವರ ಕೊನೆಯ ಪೇಸ್ಲಿಪ್ ಮೂರು ವರ್ಷ ಹಳೆಯದು. ಹೆಂಗಸರು ಹೆಚ್ಚು ಸಂಬಳ ಕೇಳುವುದೇ ಇಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇಖಕಿ ಸಾರಾ ಲ್ಯಾಶೆವರ್ 2003ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆದರೆ 2007ರಲ್ಲಿ ಹ್ಯಾನಾ ರೈಲಿ ಬೌಲ್ಸ್ ಜೊತೆ ಬ್ಯಾಬ್‌ಕಾಕ್ ಅವರೇ ಪ್ರಕಟಿಸಿದ ಪ್ರಯೋಗಗಳಲ್ಲಿ ಇನ್ನೊಂದು ಮುಖ ಕಂಡಿತು: ಹೆಚ್ಚು ಕೇಳಿದ ಹೆಂಗಸರ ಬಗ್ಗೆ, ಹಾಗೆಯೇ ಕೇಳಿದ ಗಂಡಸರ ಬಗ್ಗೆಗಿಂತ ಹೆಚ್ಚು ಅಸಮಾಧಾನ ಹುಟ್ಟುತ್ತಿತ್ತು. ಅಂದಮೇಲೆ ‘ಧೈರ್ಯವಾಗಿ ಕೇಳಮ್ಮ’ ಎಂಬ ಬುದ್ಧಿಮಾತಷ್ಟೇ ಸಾಲದು.

‘ಮೊದಲು ನೀವು ಮೊತ್ತ ಹೇಳಬೇಡಿ’ ಎನ್ನುವ ಪ್ರಸಿದ್ಧ ಸಲಹೆಯೂ ಇಲ್ಲಿ ನಡೆಯುವುದಿಲ್ಲ. ಮೂರು ತಿಂಗಳ ಪೇಸ್ಲಿಪ್ ಕಳಿಸದೆ ಆಫರ್ ಲೆಟರ್ ಬಾರದ ಕಡೆ ಮುಚ್ಚಿಡುವುದೇನನ್ನು? ಹಾಗೆಂದು ಸುಳ್ಳು ಹೇಳಿದರೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಕೈಗೆ ಬಂದ ಕೆಲಸವೇ ಹೋದೀತು.

ಸಿಟಿಸಿ ಎಂಬ ಅಂಕಿಯೂ ಅಭ್ಯರ್ಥಿಗೆ ನಿಜ ಹೇಳುವುದಿಲ್ಲ. 12 ಲಕ್ಷ ಎಂದೊಡನೆ ಮನೆಯವರು ತಿಂಗಳಿಗೆ ಲಕ್ಷವೆಂದುಕೊಳ್ಳುತ್ತಾರೆ. ಅದರಲ್ಲಿ ಶೇ 10 ವೇರಿಯಬಲ್ ಪೇ ಆದರೆ 1.2 ಲಕ್ಷ ಬದಿಗೆ ಹೋಯಿತು. ಅರ್ಧ ಮೂಲ ವೇತನವೆಂದು ಇಟ್ಟುಕೊಂಡರೆ, ಅದರ ಶೇ 12ರಂತೆ ಕಂಪನಿ ಕಟ್ಟುವ ಪಿಎಫ್ 72,000 ರೂಪಾಯಿ, ಗ್ರಾಚ್ಯುಟಿಯ ಹೆಸರಿನಲ್ಲಿ ಸುಮಾರು 29,000 ರೂಪಾಯಿ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಳೆದರೆ, ಆದಾಯ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆಯೂ ಕೈಗೆ ಬರುವುದು 75,000ದ ಆಸುಪಾಸು. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಸೇವೆ ಆಗಬೇಕು. ಎರಡು ವರ್ಷಕ್ಕೆ ಬಿಟ್ಟು ಹೋಗುವವರಿಗೂ ಅದನ್ನು ಸಂಬಳವೆಂದು ತೋರಿಸುವುದು ಪ್ರಾಮಾಣಿಕತೆಯಲ್ಲ. ಆದ್ದರಿಂದ ಒಪ್ಪಿಗೆ ಕೊಡುವ ಮೊದಲೇ ಸಂಬಳದ ಬ್ರೇಕಪ್ ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಎಂಬ ಷರತ್ತನ್ನೂ ಓದಿ.

ಇಷ್ಟರ ನಡುವೆ ಅಭ್ಯರ್ಥಿಗೆ ನಿಜವಾದ ಬಲ ಕೊಡುವುದು ಕೈಯಲ್ಲಿರುವ ಇನ್ನೊಂದು ಆಫರ್. ಹಲವು ಕಂಪನಿಗಳ 90 ದಿನಗಳ ನೋಟಿಸ್ ಪೀರಿಯಡ್ ಅದಕ್ಕೆ ಸಮಯವನ್ನೂ ಕೊಡುತ್ತದೆ. ಒಪ್ಪಿಕೊಂಡವರು ಕೊನೆ ಗಳಿಗೆಯಲ್ಲಿ ಸೇರುವುದಿಲ್ಲವೆಂದು ಕಂಪನಿಗಳು ದೂರುತ್ತವೆ. ಆ ದೂರಿನಲ್ಲಿ ಸತ್ಯವಿದೆ. ಆದರೆ ಹುದ್ದೆಗೆ ತಕ್ಕ ಸಂಬಳವನ್ನು ಮೊದಲೇ ಹೇಳಿದ್ದರೆ, ಒಂದು ಆಫರ್ ತೋರಿಸಿ ಇನ್ನೊಂದನ್ನು ಏರಿಸಿಕೊಳ್ಳುವ ಅಗತ್ಯ ಎಷ್ಟೋ ಮಂದಿಗೆ ಬೀಳುತ್ತಿರಲಿಲ್ಲ.

ಬೇರೆ ಕಡೆ ಹಳೆಯ ಸಂಬಳದ ಈ ಪ್ರಶ್ನೆಗೆ ಕಾನೂನಿನ ಕಡಿವಾಣ ಬಿದ್ದಿದೆ. ನ್ಯೂಯಾರ್ಕ್ ನಗರ 2017ರಲ್ಲಿ, ಕ್ಯಾಲಿಫೋರ್ನಿಯಾ 2018ರಲ್ಲಿ ಹಳೆಯ ಸಂಬಳ ಕೇಳುವುದನ್ನು ನಿಷೇಧಿಸಿದವು. ಐರೋಪ್ಯ ಒಕ್ಕೂಟದ 2023ರ ನಿರ್ದೇಶನ ಅದನ್ನು ನಿಷೇಧಿಸುವುದಲ್ಲದೆ, ಹುದ್ದೆಯ ಆರಂಭಿಕ ಸಂಬಳ ಅಥವಾ ಅದರ ಶ್ರೇಣಿಯನ್ನು ಅಭ್ಯರ್ಥಿಗೆ ಮುಂಚಿತವಾಗಿ ತಿಳಿಸಬೇಕೆನ್ನುತ್ತದೆ. ನಮ್ಮ 1976ರ ಸಮಾನ ವೇತನ ಕಾಯ್ದೆಯಾಗಲಿ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಾಗಲಿ ಲಿಂಗ ತಾರತಮ್ಯವನ್ನು ತಡೆಯುತ್ತವೆಯೇ ಹೊರತು ಈ ಪ್ರಶ್ನೆಯನ್ನು ತಡೆಯುವುದಿಲ್ಲ. ದೇಶದ ಐಟಿ ರಾಜಧಾನಿಯನ್ನು ಇಟ್ಟುಕೊಂಡಿರುವ ಕರ್ನಾಟಕವೇ ಮುಂದಾಗಿ, ಪೇಸ್ಲಿಪ್ ಕೇಳದೆ ಆಫರ್ ಕೊಡಬೇಕು, ಹುದ್ದೆಯ ಸಂಬಳವನ್ನು ಜಾಹೀರಾತಿನಲ್ಲೇ ನಮೂದಿಸಬೇಕು ಎಂಬ ನಿಯಮ ತರಲಿ.