ಬೋಳು ತೊಟ್ಟಿಗೇ ಬೆಲೆ

ನರ್ಸರಿಗೆ ಹೋಗಿ ಹೋಯಾ ಕೇಳಿ ನೋಡಿ. ಮೊದಲು ಎತ್ತಿ ತೋರಿಸುವುದು ಎಲೆಯಲ್ಲಿ ಗುಲಾಬಿ, ಬಿಳಿ ಬಣ್ಣ ಬೆರೆತ ಗಿಡವನ್ನು. ಬೆಲೆಯೂ ಅದಕ್ಕೇ ಜಾಸ್ತಿ. ನನ್ನನ್ನು ಕೇಳಿದರೆ, ಹಿಂದಿನ ಸಾಲಿನಲ್ಲಿ ದೂಳು ಹಿಡಿದು ಕೂತಿರುವ ಅಪ್ಪಟ ಹಸಿರಿನ ಹೋಯಾ ಕಾರ್ನೋಸಾವನ್ನೇ ತನ್ನಿ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ. ಅಷ್ಟು ಭಾಗ ದುಡಿಯದೆ ತಿನ್ನುತ್ತದೆ, ಗಿಡ ಆಮೆಗತಿಯಲ್ಲಿ ಬೆಳೆಯುತ್ತದೆ. ಎಲೆಯ ಬಣ್ಣಕ್ಕೆ ಮರುಳಾದ ಮಂದಿ ಈ ಬಳ್ಳಿ ಹೂ ಬಿಡುತ್ತದೆ ಎನ್ನುವುದನ್ನೇ ಮರೆತಂತಿದೆ.

ಕೊಳ್ಳುವಾಗ ನೋಡಬೇಕಾದದ್ದು ಗೆಣ್ಣುಗಳನ್ನು. ಎಲೆ ಹೊರಟ ಜಾಗದ ಪಕ್ಕದಲ್ಲಿ ಒಂದೆರಡು ಇಂಚಿನ ಮೋಟು ತೊಟ್ಟೊಂದು, ಎಲೆಯಿಲ್ಲದೆ ಮೊಗ್ಗಿಲ್ಲದೆ ಚಾಚಿಕೊಂಡಿದ್ದರೆ ಆ ಕುಂಡವನ್ನು ಬಿಡಬೇಡಿ. ತೊಟ್ಟಿನ ತುದಿಗೆ ಭೂತಗನ್ನಡಿ ಹಿಡಿದರೆ ಒತ್ತೊತ್ತಾಗಿ ಗಾಯದ ಗುರುತುಗಳು ಕಾಣುತ್ತವೆ. ಹಿಂದಿನ ಹೂಗಳು ಕಳಚಿ ಬಿದ್ದ ಜಾಗಗಳವು. ಮುಂದಿನ ಗೊಂಚಲು ಬರುವುದೂ ಅದೇ ತುದಿಯಲ್ಲಿ. ಗುಲಾಬಿ ಬಾಡಿದರೆ ತೊಟ್ಟು ಸಮೇತ ಕತ್ತರಿಸಿ ರೂಢಿಯಾದ ಕೈ ಇಲ್ಲಿ ಸುಮ್ಮನಿರಬೇಕು. ಒಂದು ತೊಟ್ಟು ಹೋದರೆ ಬಳ್ಳಿ ಇನ್ನೊಂದನ್ನು ಮೊದಲಿನಿಂದ ಬೆಳೆಸಬೇಕು. ಅಲ್ಲಿಯವರೆಗೆ ನೀವು ಕಾಯಬೇಕು.

ಮೊಳದುದ್ದಕ್ಕೂ ಎಲೆಯೇ ಇಲ್ಲದೆ ಗಾಳಿಯಲ್ಲಿ ತಡಕಾಡುವ ಕುಡಿಗಳನ್ನೂ ಹಾಗೆಯೇ ಬಿಡಿ. ಮರದಿಂದ ಮರಕ್ಕೆ ಆಸರೆ ಹುಡುಕುವ ಬಳ್ಳಿ ಇದು. ಹಿಡಿದುಕೊಳ್ಳಲು ಏನಾದರೂ ಸಿಕ್ಕ ಮೇಲೆ ಎಲೆ ಬರುತ್ತದೆ. ಒಂದು ತಂತಿಯ ಬಳೆ ಮಾಡಿ ಕುಂಡದಲ್ಲಿ ಸಿಕ್ಕಿಸಿ, ಕುಡಿಯನ್ನು ಮೆಲ್ಲಗೆ ಸುತ್ತಿದರಾಯಿತು.

ಮರದ ತೊಗಟೆಗೆ ಅಂಟಿ ಬದುಕುವ ಬೇರಿಗೆ ಕೆಮ್ಮಣ್ಣು, ಗೊಬ್ಬರ ತುಂಬಿದ ದೊಡ್ಡ ಕುಂಡ ಎಂದರೆ ಉಸಿರುಕಟ್ಟುವ ಜಾಗ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಒಂದು ಹಿಡಿ ಎರೆಗೊಬ್ಬರ ಸಾಕು. ಪುಡಿಯಾದ ಕೋಕೋಪೀಟ್ ಮಾತ್ರ ತುಂಬಿದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಕುಂಡ ಇಕ್ಕಟ್ಟಾಗಿದ್ದರೂ ಚಿಂತೆಯಿಲ್ಲ. ನೀರು ಯಾವಾಗ ಎಂಬುದನ್ನು ಎಲೆಯೇ ಹೇಳುತ್ತದೆ: ಬಲಿತ ಎಲೆಯೊಂದನ್ನು ಎರಡು ಬೆರಳ ನಡುವೆ ಮೆಲ್ಲಗೆ ಬಾಗಿಸಿ. ಬಿರುಸಾಗಿ ನಿಂತರೆ ಇನ್ನೂ ಬೇಡ, ಮೆತ್ತಗೆ ಮಡಚಿಕೊಂಡರೆ ಹಾಕಿ. ನೀರನ್ನು ಎಲೆಯಲ್ಲೇ ಕೂಡಿಡುವ ಈ ಬಳ್ಳಿ, ಪಾಪಾಸುಕಳ್ಳಿಯ ಹಾಗೆ ಪತ್ರರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತದೆ. ಪೂರ್ವದ ಬಾಲ್ಕನಿಯ ಎಳೆಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಹಾಲ್‌ನ ಮೂಲೆಯ ನೆರಳಿನಲ್ಲಿಟ್ಟರೆ ಗಿಡ ಬದುಕುತ್ತದೆ, ಹೂವಿನ ಆಸೆ ಬಿಡಬೇಕು.

ಇನ್ನು ಹೂ. ಮೇಣದಲ್ಲಿ ಅಚ್ಚು ಹಾಕಿದಂತಹ ನಕ್ಷತ್ರಗಳು, ಒಂದೊಂದು ಗೊಂಚಲಿನಲ್ಲಿ ಹತ್ತು, ಇಪ್ಪತ್ತು. ಕೆಳಗಿನ ಐದು ದಳ ತಿಳಿಗುಲಾಬಿ, ಮೈಮೇಲೆ ಮಖಮಲ್ಲಿನ ನವಿರು. ಅದರ ಮೇಲೆ ನುಣುಪಾದ ಇನ್ನೊಂದು ಬಿಳಿ ನಕ್ಷತ್ರ, ನಡುವೆ ಕೆಂಪು. ಈ ಮೇಲಿನ ನಕ್ಷತ್ರವನ್ನು ನೀವು ಹಿಂದೆಯೇ ನೋಡಿದ್ದೀರಿ, ಎಕ್ಕದ ಹೂವಿನಲ್ಲಿ. ಹೋಯಾ ಎಕ್ಕದ ದಾಯಾದಿ. ಎಲೆ ಮುರಿದರೆ ಅದೇ ಹಾಲು, ಕಾಯಿ ಒಡೆದರೆ ಅದೇ ರೇಷ್ಮೆಗೂದಲಿನ ಬೀಜ. ಪರಾಗವೂ ಪುಡಿಯಾಗಿ ಉದುರುವುದಿಲ್ಲ. ಎರಡು ಹಳದಿ ಗಂಟುಗಳಾಗಿ ಕಪ್ಪನೆಯ ಕೊಂಡಿಯೊಂದಕ್ಕೆ ಸೇರಿಕೊಂಡಿರುತ್ತದೆ. ಎಕ್ಕದಲ್ಲಿ ಆ ಕೊಂಡಿಗೆ ಕಾಲು ಸಿಕ್ಕಿಸಿಕೊಳ್ಳುವುದು ಹಗಲಿನ ದುಂಬಿ. ಹೋಯಾ ಕಾರ್ನೋಸಾ ಕಾಡಿನಲ್ಲೇ ಬೆಳೆಯುವ ಜಪಾನಿನಲ್ಲಿ ಸಂಶೋಧಕರು ರಾತ್ರಿ ಕಾದು ನೋಡಿದಾಗ ಪರಾಗದ ಗಂಟುಗಳು ಸಿಕ್ಕಿದ್ದು ಪತಂಗಗಳ ಕಾಲಿನಲ್ಲಿ. 2017ರಲ್ಲಿ ಅದು ಪ್ರಕಟವಾಯಿತು. ಕತ್ತಲಾದ ಮೇಲೆ ಪರಿಮಳ ಏರುವುದೇಕೆಂದು ಇನ್ನು ಬೇರೆ ಹೇಳಬೇಕಿಲ್ಲ.

1810ರಲ್ಲಿ ಈ ಕುಲಕ್ಕೆ ಹೆಸರಿಟ್ಟವನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್. ಲಂಡನ್ ಬಳಿಯ ಸಯಾನ್ ಹೌಸ್‌ನಲ್ಲಿ ನಾರ್ತಂಬರ್ಲೆಂಡ್ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ ಥಾಮಸ್ ಹೋಯ್‌ನ ಹೆಸರದು. ಡ್ಯೂಕನನ್ನು ಬಿಟ್ಟು ತೋಟದವನನ್ನು ಆರಿಸಿದ ಬ್ರೌನ್ ನನಗೆ ಆ ಕಾರಣಕ್ಕೇ ಇಷ್ಟ.

ಪ್ರೇಮಿಗಳ ದಿನಕ್ಕೆ ಪುಟ್ಟ ಕುಂಡದಲ್ಲಿ ನೆಟ್ಟು ಮಾರುವ ಹೃದಯಾಕಾರದ ಒಂಟಿ ಎಲೆಯೂ ಹೋಯಾವೇ, ಕೆರ್ರೀ ಎಂಬ ಜಾತಿ. ಗೆಣ್ಣಿನ ತುಣುಕು ಜೊತೆಗಿಲ್ಲದಿದ್ದರೆ ಎಲೆಗೆ ಬೇರು ಬಂದರೂ ಬಳ್ಳಿ ಬರುವುದಿಲ್ಲ. ವರ್ಷಗಟ್ಟಲೆ ಎಲೆ ಎಲೆಯಾಗಿಯೇ ಇರುತ್ತದೆ. ಅದಕ್ಕೆ ಕೊಡುವ ದುಡ್ಡು ದಂಡ.

ನಮ್ಮ ಪಶ್ಚಿಮ ಘಟ್ಟದಲ್ಲೂ ಹೋಯಾಗಳಿವೆ. ಹೋಯಾ ವೈಟಿಯೈ ಇದೆ. ತುದಿ ಕಚ್ಚಿ ಬಿಟ್ಟಂತಿರುವ ಕಿರಿದಾದ ಎಲೆಯ ಹೋಯಾ ರೆಟೂಸಾ ಇದೆ. ಕಾಡಿನಲ್ಲಿ ಕಂಡರೆ ಫೋಟೋ ತೆಗೆದುಕೊಳ್ಳಿ, ಕೀಳಬೇಡಿ.

ಕೊನೆಗೊಂದು ಎಚ್ಚರಿಕೆ. ನೆಂಟಸ್ತಿಕೆ ಎಂದ ಮೇಲೆ ಪೀಡೆಯೂ ಒಂದೇ. ಎಕ್ಕಕ್ಕೆ, ಕಣಗಿಲೆಗೆ ಮುತ್ತುವ ಹಳದಿ ಸಸ್ಯಹೇನು ಹೋಯಾದ ಎಳೆ ಮೊಗ್ಗಿಗೂ ಬರುತ್ತದೆ. ಮೊಗ್ಗು ಮೂಡಿದ ವಾರದಲ್ಲಿ ಗೊಂಚಲಿನ ಅಡಿಭಾಗವನ್ನು ತಿರುಗಿಸಿ ನೋಡಿ, ಇರುವೆ ಸಾಲುಗಟ್ಟಿದ್ದರೆ ಹೇನು ಇದೆಯೆಂದೇ ತಿಳಿಯಿರಿ. ಔಷಧಿ ಅಂಗಡಿಗೆ ಓಡುವ ಮೊದಲು ನೀರಿನ ಪಿಚಕಾರಿಯಿಂದ ತೊಳೆಯಿರಿ. ಮತ್ತೆ ಬಂದರೆ ಸಂಜೆ ಹೊತ್ತಿನಲ್ಲಿ, ಸೋಪಿನ ನೀರಿಗೆ ತುಸು ಬೇವಿನ ಎಣ್ಣೆ ಬೆರೆಸಿ ಸಿಂಪಡಿಸಿ.