ಕಳಚುವ ಸ್ಟಿಯರಿಂಗ್ ಚಕ್ರ: ಗಳಿಸಿದ್ದೇನು, ಕಳೆದುಕೊಂಡದ್ದೇನು?

ಕಾರಿನ ಸ್ಟಿಯರಿಂಗ್ ಚಕ್ರದ ಬಗ್ಗೆ ನೀವು ಮೊದಲು ಓದಿದ್ದು ಎಲ್ಲಿ? ಬಹುಶಃ ಸರಳ ಯಂತ್ರಗಳ ಪಾಠದಲ್ಲಿ, ‘ಚಕ್ರ ಮತ್ತು ಅಚ್ಚು’ ಎಂಬುದಕ್ಕೆ ಉದಾಹರಣೆಯಾಗಿ. ದೊಡ್ಡ ಚಕ್ರ, ಸಣ್ಣ ಅಚ್ಚು, ಆದ್ದರಿಂದ ಕಡಿಮೆ ಬಲ ಸಾಕು ಎಂದು ಹೇಳಿ ನಾವು ಮುಂದಿನ ಉದಾಹರಣೆಗೆ ಹೋಗುತ್ತೇವೆ. ಚಕ್ರವನ್ನು ಹೊತ್ತ ಕಂಬದ ಬಗ್ಗೆ ಮಾತೇ ಇಲ್ಲ. ಕಾರಿಗೆ ಕಳಚುವ ಸ್ಟಿಯರಿಂಗ್ ಚಕ್ರ ಹಾಕಿಸುವ ಗೀಳಿನ ಹಿಂದೆ ಇರುವುದೂ ಇದೇ ಅರೆಬರೆ ತಿಳಿವಳಿಕೆ.

ಈ ಮಾರ್ಪಾಡಿನಲ್ಲಿ ಕೆಲವೆಡೆ ಮೂಲ ಕಂಬವನ್ನೇ ತೆಗೆದು, ಗಟ್ಟಿ ಉಕ್ಕಿನ ದಂಡ ಕೂರಿಸಿ, ಅದರ ತುದಿಗೆ ಹಲ್ಲುಗಳಿರುವ ಜೋಡಣೆಯೊಂದನ್ನು ಬೆಸುಗೆ ಹಾಕುತ್ತಾರೆ. ಉಂಗುರ ಎಳೆದರೆ ಚಕ್ರ ಕೈಗೆ ಬರುತ್ತದೆ. ‘ಕಳ್ಳ ಕಾರನ್ನು ಒಯ್ಯಲಾರ, ಹತ್ತಿ ಇಳಿಯುವುದು ಸುಲಭ’ ಎಂಬುದು ಸಮರ್ಥನೆ.

ಸಾಧನವೇ ತಪ್ಪು ಎನ್ನುವಂತಿಲ್ಲ. ಫಾರ್ಮುಲಾ 1 ಕಾರಿನ ಇಕ್ಕಟ್ಟಿನಲ್ಲಿ ಚಕ್ರ ತೆಗೆಯದೆ ಚಾಲಕ ಹೊರಬರಲಾರ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟುವ ಫಾರ್ಮುಲಾ ಎಸ್‌ಎಇ ಕಾರುಗಳಲ್ಲೂ ಇದು ಕಡ್ಡಾಯ. ಚಾಲಕ 5 ಸೆಕೆಂಡಿನೊಳಗೆ ಹೊರಬರಬೇಕು. ಆದರೆ ಅಲ್ಲಿ ಹೆಗಲು, ಸೊಂಟ, ತೊಡೆಸಂದುಗಳನ್ನು ಬಿಗಿಯುವ ಪಟ್ಟಿಗಳಿವೆ, ತಲೆಗೆ ಹೆಲ್ಮೆಟ್ ಇದೆ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೆದ್ದಾರಿಯಲ್ಲಿ ಹೋಗುವ ಕಾರಿನಲ್ಲಿ ಇವೆಲ್ಲಿವೆ?

ಈಗ ಒಂದು ಲೆಕ್ಕ ಮಾಡಿ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಈ ವೇಗದಲ್ಲಿ 30 ಕಿ.ಗ್ರಾಂ ರಾಶಿಯ ಚಲನಶಕ್ತಿ 1,500 ಜೂಲ್. ಅದು 2 ಸೆಂ.ಮೀ. ಅಂತರದಲ್ಲಿ ನಿಂತರೆ ಸರಾಸರಿ ಬಲ 75,000 ನ್ಯೂಟನ್. 10 ಸೆಂ.ಮೀ. ಅಂತರದಲ್ಲಿ ನಿಂತರೆ 15,000 ಮಾತ್ರ. ಸೀಟ್ ಬೆಲ್ಟು ಇದರಲ್ಲಿ ಒಂದಿಷ್ಟನ್ನು ಹೀರುತ್ತದೆ, ನಿಜ. ಆದರೂ ಎದೆ ತಾಗಿದಾಗ ಕಂಬ ಕುಸಿದರೆ ಬದುಕು, ಕುಸಿಯದಿದ್ದರೆ ಅಪಾಯ.

ಹಳೆಯ ಜೀಪಿನಲ್ಲಿ ಗಟ್ಟಿ ದಂಡವೇ ಇತ್ತಲ್ಲ ಎನ್ನುವಿರಾ? ಇತ್ತು. ಎದುರಿನಿಂದ ಡಿಕ್ಕಿಯಾದಾಗ ಅಂಥ ದಂಡ ಈಟಿಯಂತೆ ಚಾಲಕನ ಕಡೆಗೆ ನುಗ್ಗುತ್ತಿತ್ತು. ಅದಕ್ಕೇ ಜನರಲ್ ಮೋಟರ್ಸ್ 1967ರ ಮಾದರಿಯ ಕಾರುಗಳಲ್ಲಿ ಕುಸಿಯುವ ಕಂಬ ತಂದಿತು. 1968ರಿಂದ ಅಮೆರಿಕದ ನಿಯಮ ಎರಡು ಮಿತಿ ಹಾಕಿತು: ಗಂಟೆಗೆ 24 ಕಿ.ಮೀ. ವೇಗದಲ್ಲಿ ಎದೆಯಾಕಾರದ ದಿಮ್ಮಿ ಬಡಿದಾಗ ಬಲ ಸುಮಾರು 11,100 ನ್ಯೂಟನ್ ಮೀರಬಾರದು; ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಯಲ್ಲಿ ಕಂಬ 127 ಮಿ.ಮೀ.ಗಿಂತ ಹಿಂದಕ್ಕೆ ಬರಬಾರದು. ಗ್ಯಾರೇಜಿನ ದಂಡವನ್ನು ಯಾರು ಹೀಗೆ ಪರೀಕ್ಷಿಸಿದ್ದಾರೆ?

ನಷ್ಟ ಇಷ್ಟೇ ಅಲ್ಲ. ಕೀಲಿ ತೆಗೆದಾಗ ಚಕ್ರವನ್ನು ಬಂಧಿಸುವ ಬೀಗ ಇರುವುದು ಮೂಲ ಕಂಬದಲ್ಲೇ. ಕಳ್ಳತನ ತಡೆಯಲು ಹೊರಟವರು ಮೊದಲು ತೆಗೆಯುವುದು ಅದನ್ನೇ! 2019ರ ಜುಲೈಯಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ; ಚಕ್ರದೊಡನೆ ಅದೂ ಹೋಗುತ್ತದೆ. 36 ಸೆಂ.ಮೀ. ವ್ಯಾಸದ ಬದಲು 28 ಸೆಂ.ಮೀ. ಚಕ್ರ ಹಾಕಿದರೆ, ಅದೇ ತಿರುವಿಗೆ ಸುಮಾರು 29 ಶೇಕಡಾ ಹೆಚ್ಚು ಬಲ ಬೇಕು. ಕೊನೆಗೂ ಚಕ್ರ ಮತ್ತು ಅಚ್ಚಿನ ಪಾಠವೇ ಇಲ್ಲಿ ಎದುರು ನಿಲ್ಲುತ್ತದೆ! ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು.

ಹಾಗಾದರೆ ಪಾಠ ಹೇಗಿರಬೇಕು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಿಕ್ಷಕ ಮಿತ್ರರೇ, ಗುಜರಿಯಿಂದ ಹಳೆಯ ಸ್ಟಿಯರಿಂಗ್ ಕಂಬವೊಂದನ್ನು ತರಗತಿಗೆ ತನ್ನಿ. ಏರ್‌ಬ್ಯಾಗ್ ಇರುವುದನ್ನು ಮಾತ್ರ ಮುಟ್ಟಬೇಡಿ. ಅದರೊಳಗೆ ಸಿಡಿಯುವ ವಸ್ತು ಇರುತ್ತದೆ. ಕೊಳವೆಯೊಳಗೆ ಕೊಳವೆ ಜಾರುವ ಭಾಗವನ್ನು, ದಂಡ ಬಾಗಿ ತಿರುಗಲು ಬಿಡುವ ಕೀಲನ್ನು ಮಕ್ಕಳೇ ಹುಡುಕಲಿ. ಅನಂತರ ಹಲಗೆಯ ಮೇಲೆ ಒಂದೇ ವಾಕ್ಯ ಬರೆಯಿರಿ: ಸ್ಟಿಯರಿಂಗ್ ಕಂಬ ತಿರುವನ್ನು ದಾಟಿಸಬೇಕು, ತಳ್ಳನ್ನು ದಾಟಿಸಬಾರದು.

ಇಷ್ಟು ತಿಳಿದ ಹುಡುಗ ನಾಳೆ ಗ್ಯಾರೇಜಿಗೆ ಹೋದರೆ, ‘ಚಕ್ರ ಕಳಚುತ್ತದೆಯೆ?’ ಎಂದು ಕೇಳುವ ಮೊದಲು ‘ಕಂಬ ಕುಸಿಯುತ್ತದೆಯೆ?’ ಎಂದು ಕೇಳುತ್ತಾನೆ.