ಬಾಲವನವೂ ಟಿಂಕರಿಂಗ್ ಲ್ಯಾಬೂ

ವಿಜ್ಞಾನ, ತಂತ್ರ, ಕಲೆಗಳನ್ನು ಎಳೆಯರಿಗೆ ಒಂದಾಗಿ ಕಲಿಸಬೇಕೆಂಬ ತತ್ತ್ವವನ್ನು ನಮ್ಮ ಶಿಕ್ಷಣಾಧಿಕಾರಿಗಳು ಈಚೆಗೆ ಹೊರದೇಶದಿಂದ ಬಂದಿಳಿದ ನೂತನ ಸರಕೆಂಬಂತೆ ವೇದಿಕೆಯ ಮೇಲೆ ಬಿತ್ತರಿಸುವಾಗ, ಪರ್ಕಳದಂಥ ಊರಿನಲ್ಲಿ ಕುಳಿತು ಆಲಿಸುವವನಿಗೆ ತುಸು ನಗು ಬರುವುದು ಸಹಜ. ಇಲ್ಲಿಂದ ಕೆಲವೇ ಹರಿದಾರಿ ಉತ್ತರಕ್ಕಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು, 1930ರ ದಶಕದಲ್ಲಿಯೇ ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನವನ್ನು ಕಟ್ಟಿ, ನೃತ್ಯ, ನಾಟಕ, ಚಿತ್ರ, ಆಟಗಳನ್ನು ಪ್ರಕೃತಿಪರಿಚಯದೊಡನೆ ಬೆರಸಿ ಮಕ್ಕಳ ಮುಂದಿರಿಸಿದ್ದರು. ಅದಕ್ಕೊಂದು ಶಾಸ್ತ್ರೀಯ ನಾಮಧೇಯವನ್ನು ಹುಡುಕುವ ಗೋಜಿಗೆ ಅವರು ಹೋಗಿರಲಿಲ್ಲ, ಅಷ್ಟೆ.

ಆದರೆ ಹಿರಿಯರ ಕಾರ್ಯವನ್ನು ಹೊಗಳಿ ಕೈತೊಳೆದುಕೊಳ್ಳುವುದು ವಿಮರ್ಶೆಯಾಗದು. ಬಾಲವನದ ವೈಶಿಷ್ಟ್ಯವು ಅಲ್ಲಿದ್ದ ಚಟುವಟಿಕೆಗಳ ಬಾಹುಳ್ಯದಲ್ಲಿತ್ತೆಂದು ನಾನು ತಿಳಿದಿಲ್ಲ. ಹಾಗೆ ಎಣಿಸುವುದಾದರೆ ಇಂದಿನ ಮಣಿಪಾಲದ ಯಾವ ಬೇಸಿಗೆ ಶಿಬಿರವೂ ಬಾಲವನವನ್ನು ಹಿಂದಿಕ್ಕೀತು. ಬರೆದವನೇ ಚಿತ್ರವನ್ನೂ ತೆಗೆಯುವುದು, ಮುದ್ರಣಾಲಯದ ಮಸಿಯನ್ನೂ ಮುಟ್ಟುವುದು, ಕುಣಿದವನೇ ನಕ್ಷತ್ರಗಳ ವಿಚಾರವನ್ನೂ ಹೇಳುವುದು, ಇವೆಲ್ಲ ಒಂದೇ ಅಂಗಳದಲ್ಲಿ ನಡೆಯುತ್ತಿದ್ದುದರಿಂದ, ವಿಷಯಗಳ ನಡುವೆ ಬೇಲಿಯುಂಟೆಂಬ ಭ್ರಮೆಯೇ ಮಗುವಿಗೆ ಹುಟ್ಟುವಂತಿರಲಿಲ್ಲ. ಅಲ್ಲಿಯ ಸಮನ್ವಯವು ವೇಳಾಪಟ್ಟಿಯಿಂದಲ್ಲ, ಮನುಷ್ಯನೊಬ್ಬನ ಬದುಕಿನಿಂದ ಒದಗಿದುದು.

ಅದೇ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ, 1959ರಿಂದ ಮೊದಲ್ಗೊಂಡು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಏಕಾಂಗಿಯಾಗಿ ರಚಿಸಿದರು. ವಿಶ್ವವಿದ್ಯಾಲಯಗಳು ಪಂಡಿತಮಂಡಲಿಯನ್ನು ನೇಮಿಸಿ ಮಾಡಿಸುವ ಕಾರ್ಯವನ್ನು ಒಬ್ಬನೇ ಮಾಡಿದ ಸಾಹಸಕ್ಕೆ ತಲೆಬಾಗಲೇಬೇಕು. ಒಂದೇ ಕಂಠದಿಂದ ಹೊಮ್ಮಿದ ಜ್ಞಾನಕೋಶಕ್ಕೆ ಹಲವು ಕೈಗಳ ಕೋಶಕ್ಕಿಲ್ಲದ ಓಟವೊಂದು ಇರುತ್ತದೆಂಬುದನ್ನೂ ಒಪ್ಪಬೇಕು. ಆದರೂ ಬಾಲವನದ ಅಂಗಳದಲ್ಲಿ ಕರ್ತೃವಾಗಿದ್ದ ಮಗು ಈ ಸಂಪುಟಗಳಲ್ಲಿ ಶ್ರೋತೃವಾಗಿಬಿಡುತ್ತದೆ. ಗ್ರಂಥವು ಹೇಳುತ್ತದೆ, ಮಗು ಕೇಳುತ್ತದೆ. ಹೇಳಿದ್ದನ್ನು ಬದಲಿಸಿ ನೋಡುವ ಅವಕಾಶ ಕಡಮೆ. ಕಾರಂತರ ಎರಡು ಕೃತಿಗಳಲ್ಲಿ, ಅಚ್ಚಾದುದಕ್ಕಿಂತ ಅಚ್ಚಾಗದೆ ಉಳಿದ ಬಾಲವನವೇ ಶಿಕ್ಷಣದೃಷ್ಟಿಯಿಂದ ಹಿರಿದಾದುದೆಂಬುದು ನನ್ನ ಎಣಿಕೆ.

ಬದಲಿಸಿ ನೋಡುವುದೆಂದರೇನೆಂಬುದಕ್ಕೆ ನಮ್ಮ ನೆಲದ ಮದ್ದಳೆಗಿಂತ ಯೋಗ್ಯವಾದ ಉದಾಹರಣೆ ನನಗೆ ತೋರದು. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗಿ ಉಳಿಯುತ್ತವೆ. ಮುಚ್ಚಿಗೆಯ ನಡುವೆ ಕಪ್ಪನೆಯ ಲೇಪವನ್ನು ಪದರಪದರವಾಗಿ ಮೆತ್ತಿದಾಗ ಅವೇ ಉಪಸ್ವರಗಳು ಮೂಲಸ್ವರದ ಎರಡು, ಮೂರು, ನಾಲ್ಕರಷ್ಟು ಎಂಬ ಕ್ರಮಕ್ಕೆ ಸಮೀಪಿಸಿ, ಸದ್ದು ನಾದವಾಗುತ್ತದೆ. ಮೃದಂಗ, ತಬಲಗಳಲ್ಲಿ ಅಡಗಿದ ಈ ಮರ್ಮವನ್ನು ಸಿ. ವಿ. ರಾಮನ್ನರು 1920ರಲ್ಲಿಯೇ ಲೋಕಕ್ಕೆ ತಿಳಿಸಿ, 1934ರಲ್ಲಿ ಮುಚ್ಚಿಗೆಯ ಮೇಲೆ ನಯವಾದ ಮರಳನ್ನುದುರಿಸಿ ಕಂಪನದ ಆಕೃತಿಗಳನ್ನೂ ತೋರಿಸಿಕೊಟ್ಟರು. ಆದರೆ ಲೇಪದ ಪ್ರಮಾಣವನ್ನು ಕಿವಿಯಿಂದಲೇ ಅಳೆದು, ಯಕ್ಷಗಾನದ ಭಾಗವತರ ಶ್ರುತಿಗೆ ಮುಚ್ಚಿಗೆಯನ್ನು ಹೊಂದಿಸಿದ ಅಜ್ಞಾತ ಕುಶಲಿಯು ಅದಕ್ಕೂ ಬಹುಪೂರ್ವದವನು. ಅವನಲ್ಲಿ ವಿಜ್ಞಾನವೆಷ್ಟು, ತಂತ್ರವೆಷ್ಟು, ಕಲೆಯೆಷ್ಟು ಎಂದು ಪಾಲು ಹಂಚುವುದು ಯಾರಿಗೆ ಸಾಧ್ಯ? ಐದು ವರ್ಷದ ಮಗುವಿನ ಕೈಗೆ ತೆಂಗಿನ ಗೆರಟೆಯೊಂದನ್ನು ಕೊಟ್ಟು, ಅದರ ಬಾಯಿಗೆ ರಬ್ಬರಿನ ಬಲೂನನ್ನು ಬಿಗಿಯಿಸಿ, ನಡುವೆ ಅಕ್ಕಿಹಿಟ್ಟಿನ ಚಿಕ್ಕ ಮುದ್ದೆಯನ್ನು ಅಂಟಿಸಿ ಬಾರಿಸಲು ಹೇಳಿದರೆ, ಸ್ವರ ತಗ್ಗುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಮುದ್ದೆಯನ್ನು ಅಂಚಿಗೆ ಸರಿಸಿದರೇನು, ದಪ್ಪಮಾಡಿದರೇನು ಎಂಬ ಪ್ರಶ್ನೆಗಳನ್ನು ಯಾರೂ ಬೋಧಿಸಬೇಕಾಗಿಲ್ಲ. ಮೇಲೆ ರವೆಯನ್ನುದುರಿಸಿ, ಕುಣಿದು ನಿಂತ ಕಣಗಳ ಸಾಲನ್ನು ಸುಣ್ಣದಕಡ್ಡಿಯಿಂದ ನೆಲದ ಮೇಲೆ ಬರೆಯಿಸಿದಲ್ಲಿ ಚಿತ್ರಕಲೆಯೂ ಕರೆಯದೆ ಬಂದು ಸೇರುತ್ತದೆ.

ಈ ಮಾನದಿಂದ ಅಳೆದರೆ ಇಂದಿನ ಸರಕಾರಿ ಪ್ರಯೋಗಗಳು ಹೇಗೆ ತೋರುತ್ತವೆ? 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿ ಶಾಲೆಯ ಮಾದರಿಯನ್ನು ನೋಡಿಬಂದು ಆರಂಭಿಸಿದ ನಲಿಕಲಿಯು, ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳತರಗತಿಗಳನ್ನೆಲ್ಲ ವ್ಯಾಪಿಸಿ, ಮಕ್ಕಳನ್ನು ಸಾಲುಬೆಂಚಿನಿಂದ ನೆಲಕ್ಕಿಳಿಸಿ, ಅವರ ಚಿತ್ರಗಳನ್ನು ತಲೆಯ ಮೇಲಿನ ಚಪ್ಪರದಲ್ಲಿ ತೂಗಿಸಿ, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಸಾಗಲೆಂದು ಕಲಿಕಾ ಏಣಿಯನ್ನು ನಿಲ್ಲಿಸಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಏಣಿಯ ಮೆಟ್ಟಿಲುಗಳೂ ಕಾರ್ಡುಗಳೂ ಮೊದಲೇ ನಿಶ್ಚಿತವಾಗಿರುವುದರಿಂದ, ಮಗುವಿಗೆ ಸಿಕ್ಕಿದ್ದು ವೇಗದ ಸ್ವಾತಂತ್ರ್ಯವೇ ಹೊರತು ದಾರಿಯದಲ್ಲ. 2016ರ ಅಟಲ್ ಇನೋವೇಶನ್ ಮಿಷನ್ನಿನಡಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಯವರೆಗೆ ಕೊಟ್ಟು ತೆರೆಯಿಸಿದ ಟಿಂಕರಿಂಗ್ ಲ್ಯಾಬುಗಳಾದರೋ ಆರನೆಯ ತರಗತಿಯಿಂದ ಮೇಲಿನವರಿಗೆ. ಕೈಬೆರಳು ಎಲ್ಲವನ್ನೂ ಕೆದಕುವ ವಯಸ್ಸಿನಲ್ಲಿ ಅಕ್ಷರವನ್ನು ತಿದ್ದಿಸಿ, ಕೆದಕುವ ಚಪಲವಡಗಿದ ಮೇಲೆ ಉಪಕರಣವನ್ನು ಕೊಡುವ ಈ ಕ್ರಮದ ತರ್ಕ ನನಗೆ ತಿಳಿದಿಲ್ಲ. ಮೇಲಾಗಿ, ಪೆಟ್ಟಿಗೆಯಿಂದ ತೆಗೆದು ಸೂಚನೆಯಂತೆ ಜೋಡಿಸಿದ ರೋಬಾಟನ್ನು ಪ್ರದರ್ಶನದ ದಿನ ಮೇಜಿನ ಮೇಲಿರಿಸಿ, ಅತಿಥಿಗಳು ಹೊರಟೊಡನೆ ಮರಳಿ ಪೆಟ್ಟಿಗೆಗೆ ಸೇರಿಸುವ ವಾಡಿಕೆಯು ಸೃಷ್ಟಿಯ ಅಭ್ಯಾಸವಲ್ಲ, ಆಜ್ಞಾಪಾಲನೆಯ ಅಭ್ಯಾಸ.

ಬಾಲವನದ ಪಕ್ಷವನ್ನು ವಹಿಸುವವರೂ ಒಂದು ಮಾತಿಗೆ ಉತ್ತರಿಸಬೇಕಾಗುತ್ತದೆ. ಕಾರಂತರ ಪ್ರಯೋಗವು ಕಾರಂತರೊಬ್ಬರ ಚೈತನ್ಯವನ್ನು ಆಶ್ರಯಿಸಿತ್ತಾದುದರಿಂದ, ಇನ್ನೊಂದು ಊರಿನ ಸಾಮಾನ್ಯ ಉಪಾಧ್ಯಾಯಿನಿ ಎತ್ತಿಕೊಂಡು ನಡೆಸಬಹುದಾದ ಪದ್ಧತಿಯಾಗಿ ಅದು ಬೆಳೆಯಲಿಲ್ಲ. ನಲಿಕಲಿಯ ಕಾರ್ಡಿಗೆ ಆ ಗುಣವಿದೆ. ಆದರೆ ಪದ್ಧತಿ ಬೇಕೆಂದಾಗಲೂ ಕಾರಂತರನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. 1971ರಲ್ಲಿ ಕು. ಶಿ. ಹರಿದಾಸ ಭಟ್ಟರೊಡನೆ ಸೇರಿ ಅವರು ಉಡುಪಿಯಲ್ಲಿ ನೆಲೆಗೊಳಿಸಿದ ಯಕ್ಷಗಾನ ಕೇಂದ್ರದಲ್ಲಿ ಗುರುವಿನ ಕಣ್ಣೆದುರು ಹೆಜ್ಜೆ, ತಾಳ, ವೇಷಗಳನ್ನು ಒಂದಾಗಿ ಅಭ್ಯಸಿಸುವ ಕ್ರಮವುಂಟು. ಅಲ್ಲಿ ವ್ಯಕ್ತಿ ಹೋದರೂ ಕ್ರಮ ಉಳಿಯಿತು. ಅದೇ ಬಗೆಯಲ್ಲಿ ಅಂಗನವಾಡಿಯ ಮತ್ತು ಒಂದನೆಯ ತರಗತಿಯ ಶಿಕ್ಷಕಿಯರ ತರಬೇತಿಗೆ ಮುಚ್ಚಿಗೆ ಕಟ್ಟುವ ಕುಶಲಿಯೊಬ್ಬನನ್ನು ವರ್ಷಕ್ಕೊಂದು ವಾರ ಕರೆಸುವುದಕ್ಕೆ ತಗಲುವ ಸಂಭಾವನೆ, ಗೆರಟೆ, ಬಲೂನು, ರವೆಗಳ ಬೆಲೆಯನ್ನೂ ಸೇರಿಸಿದರೂ, 20 ಲಕ್ಷದ ಮುಂದೆ ಲೆಕ್ಕಪತ್ರದಲ್ಲಿ ಒಂದು ಸಾಲನ್ನು ತುಂಬುವಷ್ಟೂ ಆಗಲಾರದು.